ತಿಲಕ್ ರೋಡಿಗೆ ಹೋಗೋ ಮುಂಚೆ

ಪುಣೆಯಲ್ಲಿ ಕಂಪ್ಯೂಟರ್ ಬಿಡಿಭಾಗ ಅಂದ್ರೆ ತಿಲಕ್ ರೋಡ್. ಸಾಲುಸಾಲು ಅಂಗಡಿ. ಮಕ್ಕಳ ಓದು, ಮನೆ ಲೆಕ್ಕಪತ್ರ, ಒಂದಿಷ್ಟು ಆಟ, ಇಷ್ಟಕ್ಕೆ ಪಿಸಿ ಜೋಡಿಸಬೇಕಾ? ಹಾಗಾದ್ರೆ ಗ್ರಾಫಿಕ್ಸ್ ಕಾರ್ಡ್ ಬೇಡ. ಆ ದುಡ್ಡು ಉಳಿಸಿ.

ಗ್ರಾಫಿಕ್ಸ್ ಒಳಗೇ ಇರೋ ಪ್ರೊಸೆಸರ್ ಕೇಳಿ. 2021ರಲ್ಲಿ ಬಂದ ರೈಜನ್ 5 5600ಜಿ ಇದೆಯಲ್ಲ, ಆರು ಕೋರ್, ಮನೆ ಕೆಲಸಕ್ಕೆ ಇವತ್ತಿಗೂ ಧಾರಾಳ. ಇಂಟೆಲ್ ತಗೊಳ್ಳೋದಾದ್ರೆ ಹೆಸರಿನ ಕೊನೇ ಅಕ್ಷರ ನೋಡಿ. ‘ಎಫ್’ ಇದ್ರೆ ಒಳಗೆ ಗ್ರಾಫಿಕ್ಸ್ ಇಲ್ಲ. ಬೇರೆ ಕಾರ್ಡ್ ಹಾಕದೆ ಮಾನಿಟರಲ್ಲಿ ಏನೂ ಮೂಡಲ್ಲ.

ರ್‍ಯಾಮ್ 16 ಜಿಬಿ ಇರಲಿ, ಆದ್ರೆ ಒಂದೇ ಸ್ಟಿಕ್ ಬೇಡ. 8ರದ್ದು ಎರಡು ಹಾಕಿಸಿ. ಒಳಗಿನ ಗ್ರಾಫಿಕ್ಸ್ ಇದೇ ರ್‍ಯಾಮನ್ನು ಬಳಸೋದು. ಎರಡು ಸ್ಟಿಕ್‌ನಿಂದ ಅದಕ್ಕೆ ಎರಡು ದಾರಿ ಸಿಕ್ಕರೆ ಆಟದ ವೇಗ ಕಣ್ಣಿಗೆ ಕಾಣೋಷ್ಟು ಏರುತ್ತೆ. 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ್‍ಯಾಮ್ ಬೆಲೆ ಜಿಗಿಯಿತು. ಅದಕ್ಕೇ ಅಂಗಡಿಯಲ್ಲಿ ಮೊದಲು ಇದರ ಬೆಲೆಯನ್ನೇ ಕೇಳಿ, ಉಳಿದದ್ದು ಆಮೇಲೆ.

ಫೈಲುಗಳನ್ನ ಇಡೋಕೆ 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ ಸಾಕು.

ಇನ್ನು ಎಸ್‌ಎಂಪಿಎಸ್, ಅಂದ್ರೆ ಪಿಸಿಗೆ ಕರೆಂಟ್ ಕೊಡೋ ಪವರ್ ಸಪ್ಲೈ. ಕ್ಯಾಬಿನೆಟ್ ಜೊತೆ ಫ್ರೀ ಬರೋದನ್ನ ದಯವಿಟ್ಟು ಒಪ್ಪಬೇಡಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗ ಕಳಪೆ ಎಸ್‌ಎಂಪಿಎಸ್ ಸುಟ್ಟರೆ, ಮದರ್‌ಬೋರ್ಡೂ ಜೊತೆಗೇ ಹೋಗಬಹುದು. ‘80 ಪ್ಲಸ್’ ಗುರುತಿರೋ 450 ವ್ಯಾಟಿನದು ಕೊಳ್ಳಿ. ಕ್ಯಾಬಿನೆಟ್ ಸಾದಾ ಇದ್ರೂ ನಡೆಯುತ್ತೆ, ಬಣ್ಣದ ಲೈಟಿಗೆ ದುಡ್ಡು ಸುರಿಯಬೇಡಿ.

ಪ್ರತಿ ಭಾಗದ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ತಗೊಳ್ಳಿ, ವಾರಂಟಿಗೆ ಅದೇ ಆಧಾರ. ಬಿಲ್ ಇಲ್ಲದೆ ಕಡಿಮೆಗೆ ಕೊಡ್ತೀನಿ ಅಂದ್ರೆ ಪಕ್ಕದ ಅಂಗಡಿಗೆ ನಡೀರಿ.