ಆಟಕ್ಕೊಂದು ಗಣಕಯಂತ್ರ: ಬಿಡಿಭಾಗ ಕೂಡಿಸುವ ವಿದ್ಯೆ

ಅರಸೀಕೆರೆ ಜಂಕ್ಷನ್ನಿನಲ್ಲಿ ಬೆಂಗಳೂರು ಕಡೆಯ ರೈಲು ನಿಂತಾಗ ಇಳಿಯುವವರ ಕೈಯಲ್ಲಿ ಬಗೆಬಗೆಯ ಗಂಟುಗಳಿರುತ್ತವೆ. ಅವುಗಳ ನಡುವೆ ಒಮ್ಮೊಮ್ಮೆ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ಇಳಿಯುವ ಕಾಲೇಜು ಹುಡುಗನೂ ಕಂಡುಬರಬಹುದು. ಪೆಟ್ಟಿಗೆಯೊಳಗೆ ಇರುವುದು ಸಿದ್ಧ ಗಣಕಯಂತ್ರವಲ್ಲ, ಬೆಂಗಳೂರಿನ ಎಸ್.ಪಿ. ರಸ್ತೆ ಎಂದೇ ಹೆಸರಾದ ಸಾದರ ಪತ್ರಪ್ಪ ರಸ್ತೆಯ ಅಂಗಡಿ ಸಾಲಿನಲ್ಲಿ ಒಂದೊಂದಾಗಿ ಆರಿಸಿ ತಂದ ಬಿಡಿಭಾಗಗಳು. ಮನೆಗೆ ಹೋಗಿ ಅವನ್ನು ಅವನೇ ಕೂಡಿಸಬೇಕು. ಉದ್ದೇಶ, ಸದ್ಯದಲ್ಲೇ ಬರಲಿದೆ ಎಂದು ಸುದ್ದಿಯಾಗಿರುವ ಹೊಸದೊಂದು ವಿಡಿಯೊ ಆಟ.

ಇಂಥ ಪೆಟ್ಟಿಗೆ ಮನೆಗೆ ಬರುವ ಮೊದಲು ಅಲ್ಲೊಂದು ವಾದ ನಡೆದೇ ಇರುತ್ತದೆ. 'ಇರೋದು ಸಾಲ್ದೇನೋ?' ಎಂದು ಅಪ್ಪ ಕೇಳಿದರೆ, 'ಅದರಲ್ಲಿ ಹೊಸ ಆಟ ಓಡಲ್ಲ ಅಪ್ಪ' ಎಂದು ಮಗ ಹೇಳುತ್ತಾನೆ. ತೆಂಗಿನ ತೋಟದ ಆದಾಯವನ್ನೇ ನಂಬಿದ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಕೊಬ್ಬರಿ ಮಾರಿ ಬಂದ ಹಣದಲ್ಲಿ ದೊಡ್ಡ ಪಾಲೊಂದು ಆಟದ ಯಂತ್ರಕ್ಕೆ ಹೋಗಬೇಕೇ ಎಂಬ ಪ್ರಶ್ನೆ ಅದು. ಹಾಗಾದರೆ ಮಗನ ಮಾತು ನಿಜವೇ? ಪತ್ರ ಬರೆಯಲು, ಲೆಕ್ಕ ಇಡಲು, ಸಿನಿಮಾ ನೋಡಲು ಸಾಲುವ ಯಂತ್ರ ಆಟಕ್ಕೆ ಮಾತ್ರ ಏಕೆ ಸಾಲದು?

ಚಿತ್ರದ ಲೆಕ್ಕ

ಸಿನಿಮಾದಲ್ಲಿ ಚಿತ್ರಗಳು ಮೊದಲೇ ತಯಾರಾಗಿರುತ್ತವೆ. ಯಂತ್ರದ ಕೆಲಸ ಅವನ್ನು ಬಿಚ್ಚಿ ತೋರಿಸುವುದಷ್ಟೆ. ಆಟದಲ್ಲಿ ಹಾಗಲ್ಲ. ಆಡುವವನು ಎಡಕ್ಕೆ ತಿರುಗುತ್ತಾನೋ ಬಲಕ್ಕೋ ಯಾರಿಗೂ ಮೊದಲೇ ತಿಳಿಯದು. ಅವನು ತಿರುಗಿದ ಕ್ಷಣವೇ, ಆ ಕಡೆಯ ನೋಟವನ್ನು ಯಂತ್ರ ಹೊಸದಾಗಿ ಬರೆಯಬೇಕು. ಚಲನೆ ಸರಾಗವಾಗಿ ಕಾಣಲು ಸೆಕೆಂಡಿಗೆ 60 ಚಿತ್ರಗಳಾದರೂ ಇರಲಿ ಎಂದು ಆಟಗಾರರು ಬಯಸುತ್ತಾರೆ. ಅಂದರೆ ಒಂದು ಚಿತ್ರಕ್ಕೆ ಸಿಗುವ ಸಮಯ ಸೆಕೆಂಡಿನ 60ನೇ ಒಂದು ಭಾಗ.

ಸಾಧಾರಣ ಪರದೆಯೊಂದರಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಚುಕ್ಕೆಗಳಿರುತ್ತವೆ. ಗುಣಿಸಿದರೆ 20,73,600. ಸೆಕೆಂಡಿಗೆ 60 ಸಲ ಇಷ್ಟು ಚುಕ್ಕೆಗಳಿಗೆ ಬಣ್ಣ ನಿಗದಿ ಮಾಡುವುದೆಂದರೆ 12 ಕೋಟಿಗೂ ಮೀರಿದ ನಿರ್ಧಾರಗಳು. 4ಕೆ ಎಂದು ಕರೆಯುವ ಪರದೆಯನ್ನು ತಂದರೆ ಚುಕ್ಕೆಗಳ ಸಂಖ್ಯೆ ನಾಲ್ಕು ಪಟ್ಟು. ಕೆಲಸವೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಏರುತ್ತದೆ. ದೊಡ್ಡ ಪರದೆಯ ಆಸೆಯೇ ಎಷ್ಟೋ ಸಲ ಇಡೀ ಯಂತ್ರದ ಬೆಲೆಯನ್ನು ಮೇಲಕ್ಕೆಳೆಯುವುದು ಈ ಕಾರಣದಿಂದ.

ಈ ಚಿತ್ರ ಹುಟ್ಟುವ ಬಗೆಯನ್ನು ಅರಿಯಲು ಅರಸೀಕೆರೆಯ ಶಿವಾಲಯದವರೆಗೆ ಹೋಗಿಬಂದರೆ ಸಾಕು. ಸುಮಾರು 1220ರಲ್ಲಿ, ಹೊಯ್ಸಳರ ಕಾಲದಲ್ಲಿ ಕಟ್ಟಿದ ಈ ಗುಡಿ ತನ್ನ ನಕ್ಷತ್ರಾಕಾರದ ಮುಖಮಂಟಪಕ್ಕೆ ಪ್ರಸಿದ್ಧ. ನಕ್ಷತ್ರದ ತಳವಿನ್ಯಾಸದ ಗುಟ್ಟು ಸರಳ. ಒಂದು ಚೌಕವನ್ನು ಬರೆದು, ಅದರ ನಡುಬಿಂದುವನ್ನು ಕದಲಿಸದೆ ಸ್ವಲ್ಪ ತಿರುಗಿಸಿ ಮತ್ತೊಂದು ಚೌಕ ಬರೆಯಬೇಕು. ಹೀಗೆ ಇಪ್ಪತ್ತೆರಡೂವರೆ ಡಿಗ್ರಿಯಂತೆ ತಿರುಗಿಸುತ್ತಾ ನಾಲ್ಕು ಚೌಕ ಬರೆದರೆ 16 ಮೂಲೆಗಳ ನಕ್ಷತ್ರ ಮೂಡುತ್ತದೆ. ಹಗ್ಗ, ಗೂಟಗಳಿಂದ ನೆಲದ ಮೇಲೆ ಮಾಡಬಹುದಾದ ಲೆಕ್ಕವಿದು.

ಆಟದ ಯಂತ್ರ ಮಾಡುವುದೂ ಇದೇ ಬಗೆಯ ಲೆಕ್ಕ. ಆಟದೊಳಗಿನ ಮನೆ, ಮರ, ಮನುಷ್ಯ ಎಲ್ಲವೂ ಲಕ್ಷಾಂತರ ಪುಟ್ಟ ತ್ರಿಕೋನಗಳಿಂದ ಆದವು. ನೋಡುವವನ ಕಣ್ಣು ಸರಿದಂತೆಲ್ಲ ಪ್ರತಿಯೊಂದು ತ್ರಿಕೋನದ ಮೂರು ಮೂಲೆಗಳನ್ನೂ ತಿರುಗಿಸಿ, ಅವು ಪರದೆಯಲ್ಲಿ ಎಲ್ಲಿ ಬೀಳುತ್ತವೆಂದು ಕಂಡುಹಿಡಿದು, ಒಳಗಿನ ಚುಕ್ಕೆಗಳಿಗೆ ಬೆಳಕು–ನೆರಳಿಗೆ ತಕ್ಕ ಬಣ್ಣ ಹಚ್ಚಬೇಕು. ಒಂದೊಂದು ಲೆಕ್ಕವೂ ಸುಲಭ. ಆದರೆ ಅವುಗಳ ಸಂಖ್ಯೆ ಅಪಾರ.

ಇಲ್ಲಿಯೇ ಗ್ರಾಫಿಕ್ಸ್ ಕಾರ್ಡಿನ ಅಗತ್ಯ ಬರುವುದು. ಗಣಕದ ಮುಖ್ಯ ಮಿದುಳಾದ ಪ್ರೊಸೆಸರ್ ಕೆಲವೇ ಮಂದಿ ಪಂಡಿತರಿದ್ದಂತೆ. ಎಂಥ ಜಟಿಲ ಲೆಕ್ಕವನ್ನಾದರೂ ಮಾಡಬಲ್ಲರು, ಆದರೆ ಅವರು ಬೆರಳೆಣಿಕೆಯಷ್ಟು. ಗ್ರಾಫಿಕ್ಸ್ ಕಾರ್ಡಿನಲ್ಲಿರುವುದು ಸಾವಿರಾರು ಚಿಕ್ಕ ಲೆಕ್ಕಿಗರು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯನ್ನು ನೆನೆಯಬಹುದು. ಆನೆಗಳ ಸಾಲು, ಸಿಂಹಗಳ ಸಾಲು, ಬಳ್ಳಿ, ಕುದುರೆಗಳು ಗುಡಿಯ ಸುತ್ತ ಹಬ್ಬಿವೆ. ಸೂತ್ರಧಾರನೊಬ್ಬನೇ ಅದನ್ನೆಲ್ಲ ಕೆತ್ತಲು ಕೂತಿದ್ದರೆ ಎಷ್ಟು ಜನ್ಮಗಳೂ ಸಾಲುತ್ತಿರಲಿಲ್ಲ. ಅಳತೆ ಹಾಕಿಕೊಡುವವನು ಒಬ್ಬ, ಅವರವರ ಪಾಲಿನ ಕಲ್ಲನ್ನು ಕೆತ್ತುವವರು ಹಲವರು. ಇವತ್ತಿನ ಆಟದ ಯಂತ್ರದಲ್ಲಿ ಪ್ರೊಸೆಸರಿಗೂ ಕಾರ್ಡಿಗೂ ಇರುವ ಸಂಬಂಧ ಇದೇ.

ಆದ್ದರಿಂದ ಮಗನ ಮಾತಿನಲ್ಲಿ ನಿಜವಿದೆ. ಗ್ರಾಫಿಕ್ಸ್ ಕಾರ್ಡಿಲ್ಲದ ಹಳೆಯ ಗಣಕದಲ್ಲಿ ಹೊಸ ದೊಡ್ಡ ಆಟ ಓಡುವುದು ಕಷ್ಟವೇ. ಆದರೆ ಅದರಿಂದ ಎಲ್ಲವನ್ನೂ ಹೊಸದಾಗಿ, ಎಲ್ಲಕ್ಕಿಂತ ದುಬಾರಿಯದನ್ನೇ ಕೊಳ್ಳಬೇಕೆಂದು ಅರ್ಥವಾಗುವುದಿಲ್ಲ.

ಕೆರೆ ಮತ್ತು ತೂಬು

ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಅರಸೀಕೆರೆಗೆ ಆ ಹೆಸರು ಬಂತೆನ್ನುತ್ತಾರೆ. ಹಳೇಬೀಡಿನ ಹಳೆಯ ಹೆಸರಾದ ದೋರಸಮುದ್ರವೂ ಕೆರೆಯ ಹೆಸರೇ. ಕೆರೆ ಎಷ್ಟೇ ತುಂಬಿದ್ದರೂ ಗದ್ದೆಗೆ ಹರಿಯುವುದು ತೂಬಿನ ಅಳತೆಯಷ್ಟು ನೀರು ಮಾತ್ರ ಎಂಬುದು ಈ ಸೀಮೆಯ ರೈತರಿಗೆ ಹೇಳಿಕೊಡಬೇಕಾದ ಮಾತಲ್ಲ. ಗಣಕವನ್ನು ಕಟ್ಟುವವರು ಮರೆಯುವುದು ಇದನ್ನೇ. ಭಾರಿ ಬೆಲೆಯ ಕಾರ್ಡ್ ತಂದು ಹಳೆಯ ಮಂದಗತಿಯ ಪ್ರೊಸೆಸರಿನ ಪಕ್ಕ ಕೂರಿಸಿದರೆ, ಕಾರ್ಡು ಕೆಲಸವಿಲ್ಲದೆ ಕಾಯುತ್ತದೆ. ಅತ್ತ ದುಬಾರಿ ಪ್ರೊಸೆಸರಿಗೆ ದುರ್ಬಲ ಕಾರ್ಡು ಜೊತೆಯಾದರೂ ಅಷ್ಟೆ.

ಆಟಕ್ಕೆಂದೇ ಕಟ್ಟುವ ಯಂತ್ರದಲ್ಲಿ ಒಟ್ಟು ಹಣದ ಮೂರನೇ ಒಂದು ಭಾಗ ಅಥವಾ ಅದಕ್ಕೂ ಸ್ವಲ್ಪ ಹೆಚ್ಚು ಗ್ರಾಫಿಕ್ಸ್ ಕಾರ್ಡಿಗೇ ಹೋಗುವುದು ವಾಡಿಕೆ. ಉಳಿದದ್ದರಲ್ಲಿ ಪ್ರೊಸೆಸರ್, ಎಲ್ಲ ಭಾಗಗಳನ್ನೂ ಬೆಸೆಯುವ ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಮತ್ತು ಹೊರಪೆಟ್ಟಿಗೆ ಬರಬೇಕು. ರ‍್ಯಾಮ್‌ಗೂ ಎಸ್‌ಎಸ್‌ಡಿಗೂ ಇರುವ ವ್ಯತ್ಯಾಸವನ್ನು ಮದುವೆಮನೆಯ ಅಡುಗೆಯವರು ಚೆನ್ನಾಗಿ ಬಲ್ಲರು. ಎಸ್‌ಎಸ್‌ಡಿ ಎಂದರೆ ಉಗ್ರಾಣ. ಆಟದ ಸಾಮಗ್ರಿಯೆಲ್ಲ ಅಲ್ಲಿ ತುಂಬಿರುತ್ತದೆ. ರ‍್ಯಾಮ್ ಎಂದರೆ ಒಲೆಯ ಪಕ್ಕದಲ್ಲಿ ಕೈಗೆಟುಕುವಂತೆ ಇಟ್ಟುಕೊಂಡ ತಟ್ಟೆಗಳು. ತಟ್ಟೆಗಳು ಸಾಲದಿದ್ದರೆ ಅಡುಗೆಯವನು ಹೆಜ್ಜೆಹೆಜ್ಜೆಗೂ ಉಗ್ರಾಣಕ್ಕೆ ಓಡಬೇಕು. ಆಗಲೇ ಆಟ ನಡುನಡುವೆ ತಡವರಿಸುವುದು.

ಎಲ್ಲರೂ ಹಣ ಉಳಿಸಲು ನೋಡುವುದು ಎಸ್‌ಎಂಪಿಎಸ್‌ನಲ್ಲಿ. ಅದು ಕಣ್ಣಿಗೆ ಕಾಣುವ ಭಾಗವಲ್ಲ, ಆಟದ ಅಂದವನ್ನೂ ಹೆಚ್ಚಿಸುವುದಿಲ್ಲ. ಆದರೆ ಕೆಟ್ಟರೆ ಉಳಿದ ಭಾಗಗಳನ್ನೂ ಜೊತೆಗೆ ಕೊಂಡೊಯ್ಯಬಲ್ಲದು. ಲೆಕ್ಕ ಕಷ್ಟವಲ್ಲ. ಕಾರ್ಡಿಗೆ 180 ವಾಟ್, ಪ್ರೊಸೆಸರಿಗೆ 100, ಉಳಿದದ್ದಕ್ಕೆ 70 ಎಂದಿಟ್ಟುಕೊಂಡರೆ ಒಟ್ಟು 350 ವಾಟ್. ಕ್ಷಣಕಾಲದ ಏರಿಕೆಗಳನ್ನೂ ತಡೆದುಕೊಳ್ಳಲು 550 ವಾಟಿನ, ನಂಬಿಕೆಯ ತಯಾರಕರ ಎಸ್‌ಎಂಪಿಎಸ್ ತರುವುದು ವಿವೇಕ. ವಿದ್ಯುತ್ತು ಏರಿಳಿಯುವ ಊರುಗಳಲ್ಲಿ ಯುಪಿಎಸ್ ಮತ್ತು ಸರಿಯಾದ ಅರ್ಥಿಂಗ್ ಆಡಂಬರವೆನಿಸಿಕೊಳ್ಳುವುದಿಲ್ಲ.

ಗಾರೆಯಿಲ್ಲದ ಕಟ್ಟಡ

ಹೊಯ್ಸಳ ಗುಡಿಗಳನ್ನು ಕಟ್ಟಿದ್ದು ಬಳಪದ ಕಲ್ಲಿನಿಂದ. ಕಲ್ಲಿಗೆ ಕಲ್ಲು ಕಚ್ಚುವಂತೆ ಕೂಡಿಸಿದರೇ ಹೊರತು ನಡುವೆ ಗಾರೆ ಬಳಸಲಿಲ್ಲ. ಕೀಲು ಕೂಡದ ಕಲ್ಲು ಆ ಜಾಗಕ್ಕೆ ಬಾರದು. ಗಣಕದ ಕಟ್ಟೋಣವೂ ಹೀಗೆಯೇ. ಬೆಸುಗೆ ಹಾಕುವ ಕೆಲಸ ಎಲ್ಲಿಯೂ ಇಲ್ಲ. ಭಾಗಗಳನ್ನು ಅವುಗಳ ಕುಳಿಗಳಲ್ಲಿ ಕೂರಿಸಿ ತಿರುಪು ಬಿಗಿಯುವುದಷ್ಟೆ. 1981ರಲ್ಲಿ ಐಬಿಎಂ ಸಂಸ್ಥೆ ಬಿಡುಗಡೆ ಮಾಡಿದ ಪಿ.ಸಿ. ಬಹುಪಾಲು ಬೇರೆಯವರು ತಯಾರಿಸಿದ ಭಾಗಗಳಿಂದಲೇ ಆಗಿತ್ತು. ಅದರ ರಚನೆಯ ವಿವರಗಳೂ ಎಲ್ಲರಿಗೂ ಸಿಗುವಂತಿದ್ದವು. ಒಂದು ಕಂಪನಿಯ ಬೋರ್ಡಿಗೆ ಮತ್ತೊಂದರ ಕಾರ್ಡು ಇವತ್ತಿಗೂ ಹೊಂದುವುದು ಆ ಪರಂಪರೆಯ ಫಲ.

ಆದರೆ ಎಲ್ಲವೂ ಎಲ್ಲಕ್ಕೂ ಹೊಂದುವುದಿಲ್ಲ. ಇಂಟೆಲ್ ಪ್ರೊಸೆಸರು ಎಎಂಡಿ ಬೋರ್ಡಿನಲ್ಲಿ ಕೂರದು. ಡಿಡಿಆರ್4 ರ‍್ಯಾಮಿನ ಕಚ್ಚು ಇರುವ ಜಾಗವೇ ಬೇರೆಯಾದ್ದರಿಂದ ಅದು ಡಿಡಿಆರ್5 ಕುಳಿಯಲ್ಲಿ ಇಳಿಯುವುದಿಲ್ಲ. ಕಾರ್ಡಿನ ಉದ್ದ ಹೊರಪೆಟ್ಟಿಗೆಯೊಳಗಿನ ಜಾಗಕ್ಕಿಂತ ಹೆಚ್ಚಾಗಿ ಪೆಚ್ಚಾದವರೂ ಉಂಟು. ಕೊಳ್ಳುವ ಮೊದಲೇ ಈ ಮೂರನ್ನು ಕಾಗದದ ಮೇಲೆ ಬರೆದು ತಾಳೆ ನೋಡಿದರೆ ಬೆಂಗಳೂರಿಗೆ ಎರಡನೇ ಸಲ ರೈಲು ಹತ್ತುವುದು ತಪ್ಪುತ್ತದೆ.

ಕೂಡಿಸುವಾಗಿನ ಎಚ್ಚರಿಕೆಗಳು ಕೆಲವೇ. ಮೈಯಲ್ಲಿನ ಸ್ಥಿರವಿದ್ಯುತ್ತು ಚಿಪ್ಪುಗಳಿಗೆ ಅಪಾಯ. ಆದ್ದರಿಂದ ಆಗಾಗ ಪೆಟ್ಟಿಗೆಯ ಲೋಹವನ್ನು ಮುಟ್ಟುತ್ತಿರಬೇಕು. ಪ್ರೊಸೆಸರಿನ ಮೂಲೆಯಲ್ಲಿರುವ ಪುಟ್ಟ ತ್ರಿಕೋನವನ್ನು ಕುಳಿಯ ತ್ರಿಕೋನಕ್ಕೆ ಹೊಂದಿಸಿ ಇಳಿಸಬೇಕೇ ಹೊರತು ಒತ್ತಬಾರದು. ಅದರ ಮೇಲೆ ಕಡಲೆಕಾಳಿಗಿಂತ ದೊಡ್ಡದಲ್ಲದಷ್ಟು ಉಷ್ಣವಾಹಕ ಲೇಪ ಸಾಕು. ಕೊನೆಗೆ, ಹೊಸಬರು ಅತಿಹೆಚ್ಚು ಮಾಡುವ ತಪ್ಪೊಂದಿದೆ: ಪರದೆಯ ತಂತಿಯನ್ನು ಗ್ರಾಫಿಕ್ಸ್ ಕಾರ್ಡಿಗೆ ಸಿಕ್ಕಿಸುವ ಬದಲು ಮದರ್‌ಬೋರ್ಡಿಗೆ ಸಿಕ್ಕಿಸುವುದು. ಆಗ ಅಷ್ಟು ಹಣ ಕೊಟ್ಟು ತಂದ ಕಾರ್ಡು ಸುಮ್ಮನೆ ಕೂತಿರುತ್ತದೆ, ಆಟ ಮಾತ್ರ ತೆವಳುತ್ತಿರುತ್ತದೆ.

ಆಟದ ಕಾರ್ಡು ಪಾಠ ಕಲಿತದ್ದು

ಆಟಗಳಿಗಾಗಿ ಹುಟ್ಟಿದ ಈ ಕಾರ್ಡುಗಳ ಚರಿತ್ರೆ ಬಹಳ ಹಳೆಯದೇನಲ್ಲ. 1996ರಲ್ಲಿ ಬಂದ 'ಕ್ವೇಕ್'ನಂಥ ಆಟಗಳು ಮೂರು ಆಯಾಮದ ಲೋಕವನ್ನು ಮನೆಯ ಗಣಕಕ್ಕೆ ತಂದವು. ಅದೇ ವರ್ಷ 3ಡಿಎಫ್ಎಕ್ಸ್ ಸಂಸ್ಥೆಯ 'ವೂಡೂ' ಕಾರ್ಡು ಹೊರಬಂತು. ಆದರೂ ತ್ರಿಕೋನದ ಮೂಲೆಗಳನ್ನು ತಿರುಗಿಸುವ ಲೆಕ್ಕ ಮುಖ್ಯ ಪ್ರೊಸೆಸರಿನ ಹೆಗಲ ಮೇಲೆಯೇ ಇತ್ತು. 1999ರಲ್ಲಿ ಎನ್‌ವಿಡಿಯಾ ಸಂಸ್ಥೆಯ 'ಜೀಫೋರ್ಸ್ 256' ಆ ಹೊರೆಯನ್ನೂ ತಾನೇ ಹೊತ್ತುಕೊಂಡಿತು. 'ಜಿಪಿಯು' ಎಂಬ ಮಾತು ಜನಪ್ರಿಯವಾದದ್ದು ಆಗಲೇ.

ಸಾವಿರಾರು ಸುಲಭ ಲೆಕ್ಕಗಳನ್ನು ಏಕಕಾಲಕ್ಕೆ ಮಾಡುವ ಸಾಧನ ಆಟವಾಡಲಷ್ಟೇ ಏಕೆ ಮೀಸಲಾಗಿರಬೇಕು ಎಂದು ವಿಜ್ಞಾನಿಗಳು ಯೋಚಿಸಿದರು. 2012ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು ಚಿತ್ರಗಳನ್ನು ಗುರುತಿಸುವ ಸ್ಪರ್ಧೆಯೊಂದರಲ್ಲಿ ಉಳಿದವರನ್ನೆಲ್ಲ ಬಹುದೂರ ಹಿಂದಿಕ್ಕಿದರು. ಅವರ ತಂತ್ರಾಂಶಕ್ಕೆ ಪಾಠ ಕಲಿಸಿದ್ದು ಎರಡು ಆಟದ ಕಾರ್ಡುಗಳ ಮೇಲೆ. ಕೃತಕ ಬುದ್ಧಿಮತ್ತೆಯ ಈಚಿನ ಓಟ ಶುರುವಾದದ್ದು ಅಲ್ಲಿಂದ ಎನ್ನಬಹುದು.

ಈಗ ಅದರ ಬಿಸಿ ಆಟಗಾರನಿಗೇ ತಟ್ಟಿದೆ. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳಿಗೆ ಕಾರ್ಡುಗಳಷ್ಟೇ ಅಲ್ಲ, ಸ್ಮರಣೆಯ ಚಿಪ್ಪುಗಳೂ ರಾಶಿಗಟ್ಟಲೆ ಬೇಕು. ತಯಾರಕರು ಆ ಕಡೆಗೆ ತಿರುಗಿದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ಮನೆಬಳಕೆಯ ರ‍್ಯಾಮಿನ ಬೆಲೆ ಲೋಕದಾದ್ಯಂತ ಒಮ್ಮೆಲೇ ಜಿಗಿಯಿತು. ಆಟಗಾರರ ಹಣದಿಂದ ಬೆಳೆದ ವಿದ್ಯೆ, ಬೆಳೆದು ನಿಂತ ಮೇಲೆ ಅವರದೇ ಜೇಬಿಗೆ ಕೈಹಾಕಿದಂತಾಯಿತು.

ಈ ಕಥೆಯಲ್ಲಿ ಕರ್ನಾಟಕದ ಪಾಲೂ ಇದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಕೇಂದ್ರ ತೆರೆದ ಮೇಲೆ ಚಿಪ್ಪುಗಳ ವಿನ್ಯಾಸ ಇಲ್ಲಿ ಬೇರೂರಿತು. ಎಎಂಡಿ ಸಂಸ್ಥೆ ಜಗತ್ತಿನಲ್ಲೇ ತನ್ನ ಅತಿದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಆರಂಭಿಸಿತು. ಬೇಲೂರಿನ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೊರೆದಿಟ್ಟರು. ಚಿಪ್ಪಿನ ಮೇಲೆ ಅಂಥ ಹೆಸರುಗಳಿಗೆ ಜಾಗವಿಲ್ಲ. ಕಾಣುವುದು ಕಂಪನಿಯ ಮುದ್ರೆ ಮಾತ್ರ.

ಯಾವಾಗ ಕೊಳ್ಳಬೇಕು?

ಇನ್ನು ಅಪ್ಪನ ಪ್ರಶ್ನೆ. ಬಾರದ ಆಟಕ್ಕೆ ಈಗಲೇ ಯಂತ್ರ ಏಕೆ? ಇದಕ್ಕೆ ಚರಿತ್ರೆ ಅಪ್ಪನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಹೆಸರಾಂತ 'ಗ್ರ್ಯಾಂಡ್ ಥೆಫ್ಟ್ ಆಟೊ' ಸರಣಿಯ ಐದನೇ ಆಟ ಟಿ.ವಿ.ಗೆ ಜೋಡಿಸುವ ಆಟದ ಪೆಟ್ಟಿಗೆಗಳಿಗೆ ಬಂದದ್ದು 2013ರ ಸೆಪ್ಟೆಂಬರಿನಲ್ಲಿ. ಗಣಕಕ್ಕೆ ಬಂದದ್ದು 2015ರ ಏಪ್ರಿಲ್‌ನಲ್ಲಿ. ಆರನೆಯದನ್ನು ಮೊದಲು 2025ಕ್ಕೆ ಎಂದರು, ಬಳಿಕ 2026ರ ಮೇ ಎಂದರು, 2025ರ ನವೆಂಬರಿನಲ್ಲಿ ಮತ್ತೆ ಮುಂದೂಡಿ 2026ರ ನವೆಂಬರ್ 19 ಎಂದರು. ಆಗಲೂ ಹೆಸರಿಸಿದ್ದು ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗಳನ್ನು ಮಾತ್ರ. ಗಣಕಕ್ಕೆ ಯಾವಾಗ ಎಂಬ ಮಾತೇ ಇರಲಿಲ್ಲ. ಮೊದಲ ದಿನಾಂಕ ನಂಬಿ ಯಂತ್ರ ಕಟ್ಟಿದವನ ಕಾರ್ಡು, ಆಟ ಕೈಗೆ ಬರುವ ಹೊತ್ತಿಗೆ ಹಳತಾಗಿರುತ್ತದೆ. ಆಟದ ತಯಾರಕರು ಕನಿಷ್ಠ ಎಂಥ ಯಂತ್ರ ಬೇಕು, ಚೆನ್ನಾಗಿ ಓಡಲು ಎಂಥದು ಬೇಕು ಎಂಬ ಪಟ್ಟಿಯನ್ನು ಬಿಡುಗಡೆಗೆ ಮುನ್ನ ಪ್ರಕಟಿಸುತ್ತಾರೆ. ಅದನ್ನು ನೋಡಿದ ಮೇಲೆ ರೈಲು ಹತ್ತಿದರೆ ನಷ್ಟವಿಲ್ಲ.

ಹಾಗೆಂದು ಮಗನ ಆಸೆಯನ್ನು ಪೂರಾ ತಳ್ಳಿಹಾಕಬೇಕಿಲ್ಲ. ಹಳೇಬೀಡಿನ ಗುಡಿಯ ಕೆಲಸ ಸುಮಾರು 1121ರಲ್ಲಿ ಶುರುವಾಗಿ ದಶಕಗಳ ಕಾಲ ಸಾಗಿತು. ಈಗ ಅದರ ಮೇಲೆ ಶಿಖರವಿಲ್ಲ. ಆದರೂ 2023ರಲ್ಲಿ ಬೇಲೂರು, ಸೋಮನಾಥಪುರಗಳ ಜೊತೆ ಅದು ವಿಶ್ವ ಪರಂಪರೆಯ ಪಟ್ಟಿ ಸೇರಿತು. ಬಿಡಿಭಾಗದ ಗಣಕವನ್ನೂ ಒಂದೇ ದಿನದಲ್ಲಿ ಮುಗಿಸಬೇಕೆಂಬ ಕಟ್ಟಳೆಯಿಲ್ಲ. ಒಳ್ಳೆಯ ಬೋರ್ಡು, ಗಟ್ಟಿಯಾದ ಎಸ್‌ಎಂಪಿಎಸ್, ಸಾಧಾರಣ ಪ್ರೊಸೆಸರ್ ಇವನ್ನು ಈ ವರ್ಷ ತಂದು ಓದಿಗೆ, ಮನೆಯ ಲೆಕ್ಕಕ್ಕೆ ಬಳಸುತ್ತಿದ್ದು, ಆಟ ನಿಜವಾಗಿ ಬಂದಾಗ ಕಾರ್ಡು ಸೇರಿಸಬಹುದು. ಸಿದ್ಧ ಲ್ಯಾಪ್‌ಟಾಪಿನಲ್ಲಿ ಈ ಅನುಕೂಲ ಇಲ್ಲ.

ಹೀಗೆ ನೋಡಿದರೆ ಅಪ್ಪನೂ ಸರಿ, ಮಗನೂ ಸರಿ. ಒಬ್ಬ ಕೇಳಬೇಕಾದದ್ದು ಏಕೆ ಎಂದಲ್ಲ, ಯಾವಾಗ ಎಂದು. ಇನ್ನೊಬ್ಬ ಹೇಳಬೇಕಾದದ್ದು ಒಟ್ಟು ಬೆಲೆಯನ್ನಲ್ಲ, ಮೊದಲ ಕಂತಿಗೆ ಯಾವ ಭಾಗಗಳು ಎಂಬುದನ್ನು. ಆ ಪಟ್ಟಿಯನ್ನು ಇಬ್ಬರೂ ಕೂತು ಬರೆದರೆ ಕೊಬ್ಬರಿಯ ಹಣವೂ ಉಳಿಯುತ್ತದೆ, ಅರಸೀಕೆರೆಯಲ್ಲಿ ಇಳಿಯುವ ರಟ್ಟಿನ ಪೆಟ್ಟಿಗೆಯೂ ಮನೆ ಸೇರುತ್ತದೆ.