ಹೊಸ್ತಿಲಿನಾಚೆಯ ಕಸ ಯಾರದು?

ಮಳೆಗಾಲದಲ್ಲಿ ದೊಡ್ಡ ಉಬ್ಬರದ ದಿನ ದಾದರ್ ಚೌಪಾಟಿಗೋ ಮಾಹಿಮ್ ತೀರಕ್ಕೋ ಹೋಗಿ ನೋಡಿದ್ದೀರಾ? ಅಲೆ ಹಿಂದೆ ಸರಿದ ಮೇಲೆ ಮರಳಿನ ಮೇಲೆ ಉಳಿಯುವುದು ಶಂಖ, ಚಿಪ್ಪುಗಳಲ್ಲ. ಹಾಲಿನ ಚೀಲ, ನೀರಿನ ಬಾಟಲಿ, ಶಾಂಪೂ ಪ್ಯಾಕೆಟ್ಟು, ಹರಿದ ಚಪ್ಪಲಿ, ಥರ್ಮೋಕೋಲಿನ ಚೂರು, ಗಂಟು ಕಟ್ಟಿದ ಪ್ಲಾಸ್ಟಿಕ್ ಚೀಲದೊಳಗೆ ಕೊಳೆತ ಪೂಜೆಯ ಹೂವು. ನಾವು ಕೊಟ್ಟದ್ದನ್ನು ಇಟ್ಟುಕೊಳ್ಳುವ ಆಸೆ ಸಮುದ್ರರಾಜನಿಗಿಲ್ಲ. ಬಡ್ಡಿ ಸಮೇತ ಹಿಂದಿರುಗಿಸುತ್ತಾನೆ.

ಈ ಕಸವನ್ನು ಹೆಕ್ಕಲು ಈಗ ನಮ್ಮ ಮಕ್ಕಳು ಹೋಗುತ್ತಿದ್ದಾರೆ. ಶಾಲೆಯ ಪರಿಸರ ಸಂಘ, ಕಾಲೇಜಿನ ಎನ್.ಎಸ್.ಎಸ್. ಘಟಕ, ನಮ್ಮ ಸಂಘಗಳ ಯುವ ವಿಭಾಗ ಎಲ್ಲವೂ ವರ್ಷಕ್ಕೊಮ್ಮೆಯಾದರೂ ಇಂಥ ಕಾರ್ಯಕ್ರಮ ಇಟ್ಟುಕೊಳ್ಳುತ್ತವೆ. ಎಂ. ಸಿ. ಮೆಹ್ತಾ ಅವರು ಹೂಡಿದ್ದ ಮೊಕದ್ದಮೆಯಲ್ಲಿ 1991ರಲ್ಲೇ ಸರ್ವೋಚ್ಚ ನ್ಯಾಯಾಲಯವು ಪರಿಸರವನ್ನು ಕಡ್ಡಾಯ ವಿಷಯವಾಗಿ ಕಲಿಸಬೇಕೆಂದು ತೀರ್ಪಿತ್ತಿತ್ತು. ಹಾಗಾಗಿ ಪಾಠಪುಸ್ತಕದಲ್ಲಿ ಪರಿಸರಕ್ಕೆ ಕೊರತೆಯಿಲ್ಲ. ಆದರೆ ಮಕ್ಕಳು ಕೈಗವಸು ತೊಟ್ಟು ಹೊರಟಾಗ ಅನೇಕ ತಾಯಂದಿರು ಆಡುವ ಮಾತೊಂದಿದೆ: "ಊರವರ ಕಸವನ್ನು ನಮ್ಮ ಮಕ್ಕಳು ಯಾಕೆ ಹೆಕ್ಕಬೇಕು? ಅದಕ್ಕೆ ಮುನಿಸಿಪಾಲಿಟಿಯವರಿಲ್ಲವೇ?"

ಈ ಪ್ರಶ್ನೆಯನ್ನು ಸುಮ್ಮನೆ ಬದಿಗೆ ತಳ್ಳುವಂತಿಲ್ಲ. ಇದಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಮಕ್ಕಳ ಆ ಒಂದು ಬೆಳಗಿನ ಶ್ರಮವು ಫೋಟೋ ತೆಗೆಸಿಕೊಳ್ಳುವುದರಲ್ಲೇ ಮುಗಿಯುತ್ತದೆ. ಉತ್ತರವನ್ನು ನಮ್ಮ ಮುಂಬಯಿಯಲ್ಲೇ ಹುಡುಕೋಣ.

ಅಂಧೇರಿಯ ಪಶ್ಚಿಮಕ್ಕಿರುವ ವರ್ಸೋವಾ ಕಡಲತೀರದ ಹೆಸರನ್ನು ನೀವು ಕೇಳಿರುತ್ತೀರಿ. ಅಲ್ಲಿ ಮರಳು ಕಾಣದಷ್ಟು ಕಸ ತುಂಬಿದ್ದ ಕಾಲವಿತ್ತು. 2015ರ ಅಕ್ಟೋಬರಿನಲ್ಲಿ ಅಫ್ರೋಜ್ ಶಾ ಎಂಬ ತರುಣ ವಕೀಲರು, 84 ವರ್ಷದ ತಮ್ಮ ನೆರೆಯ ಹಿರಿಯರೊಬ್ಬರನ್ನು ಜೊತೆಗೂಡಿಸಿಕೊಂಡು, ಯಾರ ಅಪ್ಪಣೆಗೂ ಕಾಯದೆ ಕಸ ಹೆಕ್ಕಲು ಇಳಿದರು. ಇಬ್ಬರು ನಾಲ್ವರಾದರು, ನಾಲ್ವರು ನೂರಾದರು. ಮೀನುಗಾರರು, ಕೊಳೆಗೇರಿಯವರು, ಸಿನಿಮಾದವರು, ಶಾಲೆಯ ಮಕ್ಕಳು ವಾರ ವಾರವೂ ಬಂದರು. 2016ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗವು ಅವರಿಗೆ 'ಚಾಂಪಿಯನ್ ಆಫ್ ದಿ ಅರ್ತ್' ಪ್ರಶಸ್ತಿ ನೀಡಿತು. 2018ರ ಮಾರ್ಚಿನಲ್ಲಿ, ಸುಮಾರು ಎರಡು ದಶಕಗಳ ಮೇಲೆ, ಅಲ್ಲಿ ಆಲಿವ್ ರಿಡ್ಲೆ ಕಡಲಾಮೆಯ ಮರಿಗಳು ಮೊಟ್ಟೆಯೊಡೆದು ನೀರಿನತ್ತ ತೆವಳುವುದನ್ನು ಜನ ಕಣ್ಣಾರೆ ಕಂಡರು. ತಾಯಿಯಾಮೆ ಮೊಟ್ಟೆಯಿಡಬೇಕಾದರೆ ಮರಳನ್ನು ತೋಡಬೇಕು. ಅಲ್ಲಿ ತೋಡಲು ಮರಳು ಸಿಕ್ಕಿತೆಂಬುದೇ ಆ ಜನರಿಗೆ ಸಂದ ನಿಜವಾದ ಪ್ರಶಸ್ತಿ.

ಆದರೆ ಈ ಕಥೆಯನ್ನು ಮಕ್ಕಳಿಗೆ ಹೇಳುವಾಗ ಇನ್ನೆರಡು ಮಾತನ್ನೂ ಸೇರಿಸಿ ಹೇಳಬೇಕು. ಮೊದಲನೆಯದು, ಅದು ಒಂದು ಭಾನುವಾರದ ಕೆಲಸವಲ್ಲ, ನೂರಾರು ವಾರಗಳದು. ನಡುವೆ, 2017ರ ನವೆಂಬರಿನಲ್ಲಿ, ಕಿರುಕುಳದಿಂದಲೂ ಹೆಕ್ಕಿಟ್ಟ ಕಸದ ಸಾಗಣೆಯ ತೊಂದರೆಯಿಂದಲೂ ಬೇಸತ್ತು ಕೆಲಸ ನಿಲ್ಲಿಸಿದ್ದೂ ಉಂಟು, ಮತ್ತೆ ಆರಂಭಿಸಿದ್ದೂ ಉಂಟು. ಎರಡನೆಯದು ಇನ್ನೂ ಮುಖ್ಯ. ಅಷ್ಟೆಲ್ಲ ಹೆಕ್ಕಿದರೂ ಪ್ರತಿ ಮಳೆಗಾಲದಲ್ಲಿ ಕಸ ಮತ್ತೆ ಬಂದು ಬೀಳುತ್ತದೆ. ಅದಕ್ಕಾಗಿಯೇ ಅಫ್ರೋಜ್ ಶಾ ಅವರು ಮುಂದೆ ಮಿಠಿ ನದಿಯ ದಂಡೆಗೂ ಶಾಲೆಗಳಿಗೂ ಹೋದರು. ನಲ್ಲಿ ತೆರೆದಿಟ್ಟು ನೆಲ ಒರೆಸುತ್ತಾ ಕೂತರೆ ನೆಲ ಎಂದಾದರೂ ಒಣಗೀತೇ?

ಹಾಗಾದರೆ ನಲ್ಲಿ ಎಲ್ಲಿದೆ? ವಿಹಾರ್ ಮತ್ತು ಪೊವಾಯಿ ಕೆರೆಗಳ ಹೆಚ್ಚುವರಿ ನೀರಿನಿಂದ ಹುಟ್ಟುವ ಮಿಠಿ ನದಿ ಸುಮಾರು 18 ಕಿಲೋಮೀಟರು ಹರಿದು ಮಾಹಿಮಿನಲ್ಲಿ ಕಡಲು ಸೇರುತ್ತದೆ. ದಾರಿಯುದ್ದಕ್ಕೂ ಊರಿನ ನಾಲೆಗಳು ಅದಕ್ಕೆ ಕೂಡಿಕೊಳ್ಳುತ್ತವೆ. ರಸ್ತೆಯಲ್ಲಿ ಬಿಸುಟ ಚೀಲ ಗಟಾರಕ್ಕೆ, ಗಟಾರದಿಂದ ನಾಲೆಗೆ, ನಾಲೆಯಿಂದ ಕಡಲಿಗೆ ಹೋಗುತ್ತದೆ. ನಡುವೆ ಎಲ್ಲಾದರೂ ಸಿಕ್ಕಿಕೊಂಡರೆ ನೀರನ್ನು ತಡೆಯುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದದ್ದನ್ನು ಮುಂಬಯಿಯ ಯಾವ ಮನೆಯವರು ಮರೆತಾರು? ಅಷ್ಟು ಮಳೆಯನ್ನು ಯಾವ ಗಟಾರವೂ ತಾಳಲಾರದು, ನಿಜ. ಆದರೆ ಪ್ಲಾಸ್ಟಿಕ್ ಚೀಲಗಳು ನೀರಿನ ದಾರಿ ಕಟ್ಟಿದವೆಂಬುದೂ ಆಗ ಎಲ್ಲರ ಅರಿವಿಗೆ ಬಂತು. ತೆಳು ಚೀಲಗಳ ಮೇಲೆ ಮಹಾರಾಷ್ಟ್ರ ಸರ್ಕಾರದ ಬಿಗಿ ಕ್ರಮಗಳು ಬಂದದ್ದು ಆ ಬಳಿಕವೇ. 2018ರಲ್ಲಿ ಇನ್ನೂ ವಿಸ್ತಾರವಾದ ನಿಷೇಧ ಬಂತು.

ಈಗ ತಾಯಂದಿರ ಪ್ರಶ್ನೆಗೆ ಉತ್ತರ ಸಿಗುತ್ತದೆ. ಅದು ಊರವರ ಕಸವಲ್ಲ. ಅದರಲ್ಲಿ ನಮ್ಮ ಮನೆಯದೂ ಇದೆ. ಆದರೆ ಇದನ್ನು ನಾವು ಬಾಯಿಮಾತಿನಲ್ಲಿ ಹೇಳಿದರೆ ಮಕ್ಕಳು ಕೇಳುವುದಿಲ್ಲ. ಅವರೇ ಎಣಿಸಿ ಕಂಡುಕೊಳ್ಳಬೇಕು.

ಎಣಿಸುವುದು ಎಂದೆನಲ್ಲ, ಅದು ಹೊಸ ಮಾತೇನಲ್ಲ. 1986ರಲ್ಲಿ ಅಮೆರಿಕದ ಟೆಕ್ಸಾಸ್ ಕರಾವಳಿಯಲ್ಲಿ ಇಬ್ಬರು ಮಹಿಳೆಯರ ಮುಂದಾಳತ್ವದಲ್ಲಿ ಸ್ವಯಂಸೇವಕರು ಕಸ ಹೆಕ್ಕುವುದರ ಜೊತೆಗೆ ಯಾವ ವಸ್ತು ಎಷ್ಟು ಸಿಕ್ಕಿತೆಂದು ಬರೆದಿಟ್ಟರು. ಅದೇ ಬೆಳೆದು, ಸೆಪ್ಟೆಂಬರ್ ತಿಂಗಳ ಮೂರನೆಯ ಶನಿವಾರ ಅನೇಕ ದೇಶಗಳಲ್ಲಿ ನಡೆಯುವ ಅಂತರರಾಷ್ಟ್ರೀಯ ಕಡಲತೀರ ಸ್ವಚ್ಛತಾ ದಿನವಾಯಿತು. ನಮ್ಮಲ್ಲಿ ಕರಾವಳಿ ಕಾವಲು ಪಡೆ ಇದನ್ನು ನಡೆಸುತ್ತದೆ. ಸಿಗರೇಟಿನ ತುಂಡು ಇಷ್ಟು ದೊಡ್ಡ ಪಿಡುಗೆಂದು ಜಗತ್ತಿಗೆ ತಿಳಿದದ್ದೂ ಇಂಥ ಎಣಿಕೆಯಿಂದಲೇ. ಅದರ ಫಿಲ್ಟರ್ ಹತ್ತಿಯಂತೆ ಕಂಡರೂ ಅದು ಒಂದು ಬಗೆಯ ಪ್ಲಾಸ್ಟಿಕ್ಕೇ.

ಇದನ್ನು ನಮ್ಮ ಯುವ ವಿಭಾಗದವರೂ ಸುಲಭವಾಗಿ ಮಾಡಬಹುದು. ಐದಾರು ಮಕ್ಕಳಿಗೆ ಒಂದು ಗುಂಪು. ಇಬ್ಬರು ಹೆಕ್ಕಲಿ, ಇಬ್ಬರು ಬೇರ್ಪಡಿಸಲಿ, ಒಬ್ಬರು ಕನ್ನಡದಲ್ಲೇ ಪಟ್ಟಿ ಬರೆಯಲಿ. ಬಾಟಲಿ ಎಷ್ಟು, ಚಿಪ್ಸ್ ಪ್ಯಾಕೆಟ್ ಎಷ್ಟು, ಹಾಲಿನ ಚೀಲ ಎಷ್ಟು, ನಿರ್ಮಾಲ್ಯದ ಚೀಲ ಎಷ್ಟು. ಹೊರಡುವ ಮುಂಚೆ ಇಳಿತದ ವೇಳೆಯನ್ನು ನೋಡಿಕೊಳ್ಳಿ. ಗಾಜು, ಸೂಜಿ, ಆಸ್ಪತ್ರೆಯ ಕಸವನ್ನು ಮಕ್ಕಳು ಮುಟ್ಟಲೇಬಾರದು, ಅದಕ್ಕೆ ದೊಡ್ಡವರಿರಲಿ. ಎಲ್ಲಕ್ಕಿಂತ ಮೊದಲು ವಾರ್ಡ್ ಕಚೇರಿಯೊಡನೆ ಮಾತಾಡಿ ಗಾಡಿಯ ವ್ಯವಸ್ಥೆ ಮಾಡಿಕೊಳ್ಳಿ. ತುಂಬಿದ ಗೋಣಿಗಳನ್ನು ದಂಡೆಯಲ್ಲೇ ಬಿಟ್ಟು ಬಂದರೆ ಮರುದಿನದ ಉಬ್ಬರ ಅವನ್ನೂ ಒಯ್ಯುತ್ತದೆ.

ಆ ಪಟ್ಟಿಯನ್ನು ಮನೆಗೆ ತನ್ನಿ. ಒಂದು ವಾರ ನಿಮ್ಮ ಮನೆಯ ಒಣಕಸವನ್ನು ಹೊರಗೆ ಹಾಕದೆ ಬಾಲ್ಕನಿಯಲ್ಲಿ ಕೂಡಿಡಿ. ವಾರದ ಕೊನೆಗೆ ಮಕ್ಕಳನ್ನೇ ಕೂರಿಸಿ ಎಣಿಸಲು ಹೇಳಿ. ಕಡಲತೀರದ ಪಟ್ಟಿಯನ್ನೂ ಮನೆಯ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟರೆ ಯಾವ ಉಪನ್ಯಾಸವೂ ಬೇಡ. ಯಾವುದನ್ನು ರದ್ದಿವಾಲ ಕೊಳ್ಳುತ್ತಾನೆ, ಯಾವುದನ್ನು ಮುಟ್ಟುವುದಿಲ್ಲ ಎಂಬುದನ್ನೂ ಅವರೇ ಕೇಳಲಿ. ತೊಳೆದು ಒಣಗಿಸಿದ ಹಾಲಿನ ಚೀಲಕ್ಕೆ ಬೆಲೆಯುಂಟು. ಒಳಗೆ ಬೆಳ್ಳಿಯಂತೆ ಹೊಳೆಯುವ ಚಿಪ್ಸ್ ಪ್ಯಾಕೆಟ್ ಹಲವು ಪದರಗಳನ್ನು ಬೆಸೆದು ಮಾಡಿದ್ದಾದ್ದರಿಂದ ಅದು ಯಾರಿಗೂ ಬೇಡ. ಹಾಲಿನ ಚೀಲದ ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡುತ್ತೇವಲ್ಲ, ಆ ಪುಟ್ಟ ಚೂರು ಯಾರ ಕೈಗೂ ಸಿಗದೆ ಮೋರಿ ಸೇರುತ್ತದೆ. ಅರ್ಧ ಕತ್ತರಿಸಿ ಚೀಲಕ್ಕೇ ಅಂಟಿಕೊಂಡಿರಲು ಬಿಟ್ಟರೆ ಆಯಿತು; ಇದಕ್ಕೆ ಖರ್ಚೂ ಇಲ್ಲ, ಶ್ರಮವೂ ಇಲ್ಲ.

ನಮ್ಮ ಹೆಂಗಸರಿಗೆ ಶುಚಿತ್ವವನ್ನು ಯಾರೂ ಕಲಿಸಬೇಕಾಗಿಲ್ಲ. ಹೊಸ್ತಿಲು ಸಾರಿಸಿ ರಂಗೋಲಿ ಇಟ್ಟ ಮೇಲೆಯೇ ನಮಗೆ ಬೆಳಗಾಗುವುದು. ಆದರೆ ಗುಡಿಸಿದ ಕಸ ಹೊಸ್ತಿಲು ದಾಟಿದೊಡನೆ ನಮ್ಮದಲ್ಲವೆಂಬ ಭಾವನೆಯೂ ಅಷ್ಟೇ ಹಳೆಯದು. ದೇವರಿಗೆ ಏರಿಸಿದ ಹೂವು ಕಾಲಿಗೆ ಸಿಗಬಾರದೆಂದು ಚೀಲಕ್ಕೆ ಕಟ್ಟಿ ಖಾಡಿಗೆ ಎಸೆಯುತ್ತೇವೆ. ಹೂವು ಮಣ್ಣಿಗೆ ಸೇರಬೇಕಾದದ್ದು. ಬಾಲ್ಕನಿಯ ತುಳಸಿಯ ಕುಂಡವೋ ಪಾಲಿಕೆಯವರು ಇಡುವ ನಿರ್ಮಾಲ್ಯ ಕಲಶವೋ ಸಾಲದೇ? 2016ರ ಘನತ್ಯಾಜ್ಯ ನಿಯಮಗಳು ಕಸವನ್ನು ಮನೆಯಲ್ಲೇ ಬೇರ್ಪಡಿಸಬೇಕೆಂದು ಕಡ್ಡಾಯ ಮಾಡಿದ್ದು ಇದೇ ಕಾರಣಕ್ಕೆ. ಹಸಿ ಒಣ ಒಂದಾಗಿ ಹೋದ ಕಸ ಎಲ್ಲಿಗೆ ಹೋಗುತ್ತದೆಂದು ಬಲ್ಲಿರಾ? 1927ರಿಂದ ಕಸ ಬೀಳುತ್ತಾ ಗುಡ್ಡವಾದ ದೇವನಾರ್ ಮೈದಾನಕ್ಕೆ 2016ರ ಜನವರಿಯಲ್ಲಿ ಬೆಂಕಿ ಬಿದ್ದಾಗ ಹೊಗೆ ದಿನಗಟ್ಟಲೆ ಕವಿದು, ಸುತ್ತಲಿನ ಶಾಲೆಗಳಿಗೆ ರಜೆ ಕೊಡಬೇಕಾಯಿತು. ಆ ಹೊಗೆ ಕುಡಿದವರು ಬಡವರ ಮಕ್ಕಳು.

ನಮ್ಮ ಸಂಘಗಳ ಸಮಾರಂಭಗಳನ್ನೂ ಸ್ವಲ್ಪ ನೋಡಿಕೊಳ್ಳೋಣ. ರಾಜ್ಯೋತ್ಸವದ ದಿನ ವೇದಿಕೆಯ ಮೇಲೆ ಮಕ್ಕಳು ಪರಿಸರ ಗೀತೆ ಹಾಡುತ್ತಾರೆ. ಕೆಳಗಿಳಿದರೆ ಪ್ರತಿಯೊಬ್ಬರ ಕೈಗೂ ಪುಟ್ಟ ನೀರಿನ ಬಾಟಲಿ, ಬಿಸಾಡುವ ತಟ್ಟೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆಯನ್ನು ಮಕ್ಕಳಿಗೆ ನಾವೇ ಮಾಡಿ ತೋರಿಸಿದಂತಾಗುತ್ತದೆ. ಸ್ಟೀಲ್ ಲೋಟ, ಬಾಳೆಯೆಲೆ, ಎರಡು ನೀರಿನ ಡ್ರಮ್ಮು ಇಟ್ಟರೆ ನಮ್ಮ ಊಟದ ರುಚಿ ಹೆಚ್ಚೀತೇ ಹೊರತು ಕಡಿಮೆಯಾಗದು.

ಊರಿನಲ್ಲೂ ಇಂಥ ಕೆಲಸ ನಡೆದಿದೆ. ಮಂಗಳೂರಿನ ರಾಮಕೃಷ್ಣ ಮಿಷನ್ 2015ರಲ್ಲಿ ಆರಂಭಿಸಿದ ಸ್ವಚ್ಛತಾ ಅಭಿಯಾನವು ಭಾನುವಾರದ ಶ್ರಮದಾನವನ್ನು ವರ್ಷಗಳ ಕಾಲ ನಡೆಸಿತು. ನಮ್ಮ ಪಡುಬಿದ್ರಿ ಮತ್ತು ಕಾಸರಕೋಡಿನ ಕಡಲತೀರಗಳು 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದವು. ಬೇಸಿಗೆ ರಜೆಗೆ ಊರಿಗೆ ಹೋದಾಗ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ. ನಾವು ಒಯ್ದ ತಿಂಡಿಯ ಪೊಟ್ಟಣ ನಮ್ಮೊಡನೆಯೇ ವಾಪಸು ಬರಲಿ.

ಇನ್ನೊಂದು ಮಾತು. ಎರಡು ಗಂಟೆ ಬಾಗಿ ಕಸ ಹೆಕ್ಕಿದ ಮಕ್ಕಳಿಗೆ ಸೊಂಟ ನೋಯುತ್ತದೆ, ವಾಸನೆಗೆ ತಲೆ ಸುತ್ತುತ್ತದೆ. ಅದೇ ಹೊತ್ತಿನಲ್ಲಿ ಅವರಿಗೆ ಹೇಳಿ, ಇದನ್ನೇ ದಿನವೂ ಮಾಡಿ ಹೊಟ್ಟೆ ಹೊರೆಯುವವರು ನಮ್ಮ ಬೀದಿಯಲ್ಲೇ ಇದ್ದಾರೆಂದು. ಬೆಳಿಗ್ಗೆ ಬಾಗಿಲಿಗೆ ಬರುವವರನ್ನು "ಕಸದವನು" ಎಂದು ಕೂಗುವ ಬದಲು ಅವರ ಹೆಸರು ಕೇಳಿ ತಿಳಿದುಕೊಂಡ ಮಗು ಪರಿಸರದ ಪರೀಕ್ಷೆಯಲ್ಲಿ ಅರ್ಧ ಪಾಸಾದಂತೆ. ಉಳಿದರ್ಧ ನಮ್ಮ ಅಡುಗೆಮನೆಯಲ್ಲಿದೆ. ಅಲ್ಲಿ ಎರಡು ಡಬ್ಬಿ ಇಡುವುದು ಮಕ್ಕಳ ಕೆಲಸವಲ್ಲ, ನಮ್ಮದು. ನಾಳೆಯೇ ಇಡುತ್ತೀರಲ್ಲವೇ?