ಮದರ್‌ಬೋರ್ಡ್ ಕೆಟ್ಟರೆ ಡಿಸ್ಕ್ ಅಳಿಸಬೇಕಿಲ್ಲ

ಭಟ್ಕಳ: ಮಳೆಗಾಲದ ಮುನ್ನಿನ ಗುಡುಗು ಸಿಡಿಲು, ಪದೇ ಪದೇ ಏರಿಳಿಯುವ ವಿದ್ಯುತ್, ಸಮುದ್ರದಿಂದ ಬೀಸುವ ಉಪ್ಪುಮಿಶ್ರಿತ ತೇವದ ಗಾಳಿ. ಕರಾವಳಿಯಲ್ಲಿ ಗಣಕಯಂತ್ರಗಳ ಆಯುಷ್ಯ ಕುಗ್ಗಿಸುವ ಶತ್ರುಗಳಿವು. ಮದರ್‌ಬೋರ್ಡ್ ಸುಟ್ಟಿತೆಂದರೆ, ಹೊಸದನ್ನು ಹಾಕಿ ಡಿಸ್ಕ್ ಅಳಿಸಿ ವಿಂಡೋಸನ್ನು ಮತ್ತೆ ತುಂಬುವುದೊಂದೇ ದಾರಿ ಎಂಬ ನಂಬಿಕೆ ಇಂದಿಗೂ ವ್ಯಾಪಕವಾಗಿದೆ. ಆದರೆ ಬಹುತೇಕ ಸಂದರ್ಭಗಳಲ್ಲಿ ಇದು ಅನಗತ್ಯ.

ಮಾಹಿತಿಯೂ ಆಪರೇಟಿಂಗ್ ಸಿಸ್ಟಂ ಸಹ ಇರುವುದು ಡಿಸ್ಕ್‌ನಲ್ಲಿಯೇ ಹೊರತು ಮದರ್‌ಬೋರ್ಡ್‌ನಲ್ಲಿ ಅಲ್ಲ. ಹೊನ್ನಾವರದ ಮುದ್ರಣಾಲಯವೊಂದರಲ್ಲಿ ನುಡಿ ಅಕ್ಷರಶೈಲಿಯಲ್ಲಿ ಕೂಡಿಸಿಟ್ಟ ಆಮಂತ್ರಣ ಪತ್ರಿಕೆಗಳಿರಬಹುದು, ಕುಮಟಾದ ಅಡಿಕೆ ವ್ಯಾಪಾರಿಯ ಹಲವು ವರ್ಷಗಳ ಲೆಕ್ಕವಿರಬಹುದು. ಒಮ್ಮೆ ಅಳಿಸಿದರೆ ಅಕ್ಷರಶೈಲಿ, ಮುದ್ರಕದ ಹೊಂದಾಣಿಕೆ, ತಂತ್ರಾಂಶಗಳ ಪರವಾನಗಿ ಎಲ್ಲವನ್ನೂ ಮೊದಲಿನಿಂದ ಜೋಡಿಸಬೇಕಾಗುತ್ತದೆ. ಪ್ರತಿ ತೆಗೆದಿರಿಸದಿದ್ದರೆ ಮಾಹಿತಿಯೇ ನಷ್ಟವಾಗುತ್ತದೆ.

ಹಳೆಯ ಭಯದ ಮೂಲ

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ತನ್ನನ್ನು ಸ್ಥಾಪಿಸಿದ ಯಂತ್ರದ ಚಾಲಕ ತಂತ್ರಾಂಶಗಳಿಗೆ, ಅಂದರೆ ಡ್ರೈವರ್‌ಗಳಿಗೆ, ಬಿಗಿಯಾಗಿ ಅಂಟಿಕೊಳ್ಳುತ್ತಿತ್ತು. ಬೇರೆ ಬೋರ್ಡ್‌ಗೆ ಜೋಡಿಸಿದೊಡನೆ ಡಿಸ್ಕನ್ನು ಓದುವ ಡ್ರೈವರ್ ಸಿಗದೆ ನೀಲಿ ಪರದೆಯೂ 7ಬಿ ಎಂಬ ದೋಷಸಂಖ್ಯೆಯೂ ಕಾಣಿಸಿಕೊಳ್ಳುತ್ತಿದ್ದವು. ವಿಂಡೋಸ್ 10 ಮತ್ತು 11 ಹಾಗಲ್ಲ. ಹೊಸ ಯಂತ್ರಾಂಶವನ್ನು ಗುರುತಿಸಿ ಸಾಮಾನ್ಯ ಡ್ರೈವರ್‌ಗಳನ್ನು ತಾವೇ ಹಚ್ಚಿಕೊಳ್ಳುತ್ತವೆ. ಲಿನಕ್ಸ್‌ನಲ್ಲಿ ಹೆಚ್ಚಿನ ಡ್ರೈವರ್‌ಗಳು ಅದರ ತಿರುಳಿನೊಂದಿಗೇ ಬರುವುದರಿಂದ ಕೆಲಸ ಇನ್ನೂ ಸುಲಭ.

ಬಿಚ್ಚುವ ಮುನ್ನ

ಕೆಟ್ಟಿರುವುದು ಮದರ್‌ಬೋರ್ಡೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಕೆಟ್ಟಾಗಲೂ, ರ್‍ಯಾಮ್‌ನ ಲೋಹದ ತುದಿಗಳಿಗೆ ಕಿಲುಬು ಹಿಡಿದಾಗಲೂ ಇವೇ ಲಕ್ಷಣಗಳು ಕಾಣುತ್ತವೆ. ಬೋರ್ಡೇ ಹೋಗಿದ್ದರೆ, ಹೊಸದು ಇರುವ ಪ್ರೊಸೆಸರ್‌ನ ಸಾಕೆಟ್‌ಗೂ ರ್‍ಯಾಮ್‌ನ ಬಗೆಗೂ ಹೊಂದಬೇಕು. ಡಿಡಿಆರ್3 ರ್‍ಯಾಮ್ ಡಿಡಿಆರ್4 ಬೋರ್ಡ್‌ನಲ್ಲಿ ಕೂರುವುದಿಲ್ಲ. ಹಳೆಯ ಬೋರ್ಡ್‌ನ ಮಾದರಿಯೇ ದೊರೆತರೆ ತೊಂದರೆ ಅತ್ಯಲ್ಪ.

ಹಳೆಯ ಡಿಸ್ಕನ್ನು ಮತ್ತೊಂದು ಯಂತ್ರಕ್ಕೆ ಜೋಡಿಸಿ ಮುಖ್ಯ ಕಡತಗಳ ಪ್ರತಿ ತೆಗೆದಿಡುವುದು ಅತ್ಯಗತ್ಯ. ಈ ಹಂತದಲ್ಲಿ ಎದುರಾಗಬಹುದಾದ ದೊಡ್ಡ ಅಡಚಣೆ ಬಿಟ್‌ಲಾಕರ್. ಡಿಸ್ಕನ್ನು ಗೂಢಲಿಪಿಗೆ ಒಳಪಡಿಸುವ ಈ ವ್ಯವಸ್ಥೆ ವಿಂಡೋಸ್ 11ರ ಹಲವು ಯಂತ್ರಗಳಲ್ಲಿ ಬಳಕೆದಾರರ ಅರಿವಿಗೆ ಬಾರದೆಯೇ ಚಾಲನೆಯಲ್ಲಿರುತ್ತದೆ. ಅದರ ಬೀಗ ಬೋರ್ಡ್‌ನಲ್ಲಿನ ಟಿಪಿಎಂ ಎಂಬ ಭದ್ರತಾ ಘಟಕಕ್ಕೆ ಕಟ್ಟಿಕೊಂಡಿರುವುದರಿಂದ, ಬೋರ್ಡ್ ಬದಲಾದೊಡನೆ 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಯಂತ್ರ ಕೇಳುತ್ತದೆ. ಆ ಕೀಲಿ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ, ಮೊಬೈಲ್‌ನಿಂದಲೂ ಅದನ್ನು ನೋಡಬಹುದು. ಭಟ್ಕಳದಂಥ ಊರಿನಲ್ಲಿ ಯಂತ್ರವನ್ನು ಕೊಲ್ಲಿ ದೇಶದಲ್ಲಿರುವ ಮಗನೋ ತಮ್ಮನೋ ಹೊಂದಿಸಿ ಕೊಟ್ಟಿದ್ದರೆ, ಆ ಖಾತೆ ಅವರ ಹೆಸರಿನಲ್ಲಿರುವ ಸಾಧ್ಯತೆಯೇ ಹೆಚ್ಚು. ಕೀಲಿ ಇಲ್ಲದೆ ಡಿಸ್ಕ್ ತೆರೆಯುವುದು ಅಸಾಧ್ಯ.

ಜೋಡಿಸಿದ ಬಳಿಕ

ಮೊದಲ ಬಾರಿ ಯಂತ್ರವನ್ನು ಚಾಲೂ ಮಾಡುವಾಗ ಬಯೋಸ್‌ನಲ್ಲಿ ಎರಡು ಸಂಗತಿಗಳನ್ನು ನೋಡಬೇಕು. ಒಂದು, ಹಳೆಯ ಯಂತ್ರ ಲೆಗಸಿ ವಿಧಾನದಲ್ಲಿ ಆರಂಭವಾಗುತ್ತಿತ್ತೋ ಯುಇಎಫ್‌ಐ ವಿಧಾನದಲ್ಲೋ ಎಂಬುದು. ಎರಡು, ಡಿಸ್ಕ್‌ನ ಸಾಟಾ ವಿಧಾನ ಎಎಚ್‌ಸಿಐ ಆಗಿತ್ತೋ ರೇಡ್ ಆಗಿತ್ತೋ ಎಂಬುದು. ಹೊಸ ಬೋರ್ಡ್‌ನಲ್ಲಿಯೂ ಅವೇ ಆಯ್ಕೆಗಳಿದ್ದರೆ ವಿಂಡೋಸ್ ಸಾಮಾನ್ಯವಾಗಿ ತಾನಾಗಿ ಎದ್ದೇಳುತ್ತದೆ. ಹೊಸ ಬೋರ್ಡ್‌ನಲ್ಲಿ ಲೆಗಸಿ ವಿಧಾನವೇ ಇಲ್ಲದಿದ್ದರೆ, ವಿಂಡೋಸ್‌ನೊಂದಿಗೇ ಬರುವ ಎಂಬಿಆರ್2ಜಿಪಿಟಿ ಎಂಬ ಸಾಧನದಿಂದ ಕಡತಗಳನ್ನು ಅಳಿಸದೆಯೇ ಡಿಸ್ಕನ್ನು ಹೊಸ ವಿಧಾನಕ್ಕೆ ಪರಿವರ್ತಿಸಬಹುದು.

ಆರಂಭದಲ್ಲೇ ನೀಲಿ ಪರದೆ ಬಂದರೆ ಗಾಬರಿಯಾಗಬೇಕಿಲ್ಲ. ಒಮ್ಮೆ ಸೇಫ್ ಮೋಡ್‌ನಲ್ಲಿ ತೆರೆದು ಮತ್ತೆ ಎಂದಿನಂತೆ ಆರಂಭಿಸಿದರೆ ಹಲವು ವೇಳೆ ಸಮಸ್ಯೆ ಬಗೆಹರಿಯುತ್ತದೆ. ನಂತರ ಬೋರ್ಡ್ ತಯಾರಕರ ತಾಣದಿಂದ ಚಿಪ್‌ಸೆಟ್, ಧ್ವನಿ ಹಾಗೂ ನೆಟ್‌ವರ್ಕ್ ಡ್ರೈವರ್‌ಗಳನ್ನು ಹಾಕಿಕೊಳ್ಳಬೇಕು. ನೆಟ್‌ವರ್ಕ್ ಡ್ರೈವರನ್ನು ಮುಂಚೆಯೇ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳುವುದು ಜಾಣತನ.

ಪರವಾನಗಿಯ ಪ್ರಶ್ನೆ

ಮದರ್‌ಬೋರ್ಡ್ ಬದಲಾದರೆ ವಿಂಡೋಸ್ ಅದನ್ನು ಬೇರೆ ಯಂತ್ರವೆಂದೇ ಪರಿಗಣಿಸುತ್ತದೆ. ಪ್ರತ್ಯೇಕವಾಗಿ ಕೊಂಡ ಪರವಾನಗಿಯನ್ನು ಮೈಕ್ರೋಸಾಫ್ಟ್ ಖಾತೆಗೆ ಮೊದಲೇ ಜೋಡಿಸಿಟ್ಟಿದ್ದರೆ, ಸಕ್ರಿಯಗೊಳಿಸುವ ವಿಭಾಗದಲ್ಲಿ ಯಂತ್ರಾಂಶ ಬದಲಾಗಿದೆಯೆಂದು ತಿಳಿಸಿ ಮರಳಿ ಪಡೆಯಬಹುದು. ಯಂತ್ರದೊಂದಿಗೇ ಬಂದ ಪರವಾನಗಿ ಸಾಮಾನ್ಯವಾಗಿ ಆ ಬೋರ್ಡ್‌ಗೇ ಸೀಮಿತವಾದುದರಿಂದ ಹೊಸದನ್ನು ಕೊಳ್ಳಬೇಕಾಗಬಹುದು. ಆಗಲೂ ಡಿಸ್ಕ್ ಅಳಿಸುವ ಅಗತ್ಯವಿಲ್ಲ. ಟ್ಯಾಲಿಯಂಥ ಲೆಕ್ಕದ ತಂತ್ರಾಂಶದ ಪರವಾನಗಿಯನ್ನೂ ಮತ್ತೊಮ್ಮೆ ಸಕ್ರಿಯಗೊಳಿಸಬೇಕಾಗಬಹುದು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಹೊಸ ಬೋರ್ಡ್ ಕೊಳ್ಳುವವರು ಅದು ವಿಂಡೋಸ್ 11ಕ್ಕೆ ಅರ್ಹವೇ ಎಂಬುದನ್ನೂ ಪರಿಶೀಲಿಸುವುದು ಒಳಿತು.

ದುರಸ್ತಿಗೆ ಯಂತ್ರವನ್ನು ಒಪ್ಪಿಸುವಾಗ 'ಡಿಸ್ಕ್ ಫಾರ್ಮ್ಯಾಟ್ ಮಾಡಬೇಡಿ' ಎಂದು ಚೀಟಿ ಬರೆದು ಅಂಟಿಸುವುದು, ಮಳೆಗಾಲಕ್ಕೆ ಮುನ್ನವೇ ಬಿಟ್‌ಲಾಕರ್ ಕೀಲಿಯನ್ನು ಕಾಗದದ ಮೇಲೆ ಬರೆದಿಡುವುದು, ಇವೆರಡಕ್ಕೂ ಖರ್ಚಿಲ್ಲ. ವರ್ಷಗಳ ದುಡಿಮೆ ಉಳಿಯುವುದು ಹಲವು ಸಲ ಇಷ್ಟರಿಂದಲೇ.